ನಾಲ್ಕನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಓದಲ್ಲ, ದಶಕ ತೆಗೆದು ಕಳೆಯಲ್ಲ. ನಿಮಗೆ ನಿಜವಾಗಿ ನೆರವಾದದ್ದು ಏನು?

ಸೀಮೆಸುಣ್ಣ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಟೀಚರ್ ನಾನು. ಒಂದರಿಂದ ಐದನೇ ತರಗತಿ, 31 ಮಕ್ಕಳು, ನಾವಿಬ್ಬರು. ನಲಿಕಲಿ ಕೋಣೆ (ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡ್ ಹಿಡಿದು ಕಲಿಯೋದು) ಇನ್ನೊಬ್ಬ ಮೇಡಂದು. 4 ಮತ್ತು 5 ನನ್ನದು. ಹೆಡ್‌ಮಿಸ್ ಕೆಲಸವೂ ನನ್ನದೇ.

ಕಳೆದ ವಾರ ನಾಲ್ಕನೇ ಕ್ಲಾಸಿನ ಏಳು ಮಕ್ಕಳಿಗೆ ಹತ್ತು ಪದ ಉಕ್ತಲೇಖನ ಕೊಟ್ಟೆ, ಐದು ಕಳೆಯುವ ಲೆಕ್ಕ ಕೊಟ್ಟೆ. ಸರಳ ಪದ ಎಲ್ಲರೂ ಬರೆದರು. ಒತ್ತಕ್ಷರ ಬಂದ ಕೂಡಲೇ ನಾಲ್ಕು ಮಕ್ಕಳು ಪೆನ್ಸಿಲ್ ಕಚ್ಚುತ್ತಾ ಕುಳಿತರು. ಕಳೆಯುವ ಲೆಕ್ಕದಲ್ಲಿ 52ರಲ್ಲಿ 38 ಕಳೆದರೆ 26 ಅಂತ ಐದು ಮಕ್ಕಳು ಬರೆದಿದ್ದಾರೆ. ಐವರದ್ದೂ ಒಂದೇ ಉತ್ತರ. ಕಾಪಿ ಹೊಡೆದಿಲ್ಲ, ನಾನು ಎದುರಿಗೇ ಇದ್ದೆ.

ನನ್ನ ಪ್ರಶ್ನೆ ಮಕ್ಕಳ ಬಗ್ಗೆ ಅಲ್ಲ, ನಮ್ಮ ಬಗ್ಗೆ. ಎಷ್ಟು ತರಬೇತಿಗೆ ಹೋಗಿದ್ದೇನೆ ಅಂತ ಎಣಿಸೋದನ್ನೇ ಬಿಟ್ಟಿದ್ದೇನೆ. ಪ್ರತಿ ಸಲ ಸ್ಲೈಡ್, ಮಧ್ಯಾಹ್ನ ಊಟ, ಕೊನೆಗೊಂದು ಗ್ರೂಪ್ ಫೋಟೊ. ವಾಪಸ್ ಬಂದಾಗ ಆ ಪೆನ್ಸಿಲ್ ಕಚ್ಚುವ ಮಗು ಅಲ್ಲೇ ಇರುತ್ತೆ. ನಿಮ್ಮ ಕ್ಲಾಸಲ್ಲಿ ಓದು, ಲೆಕ್ಕ ಸುಧಾರಿಸೋಕೆ ಯಾರು, ಯಾವ ನೆರವು ಕೊಟ್ಟಾಗ ನಿಜವಾಗಿ ಕೆಲಸವಾಯಿತು? ಆದೇಶ, ಸುತ್ತೋಲೆ ಬೇಡ. ಆದದ್ದನ್ನ ಹೇಳಿ.

ಬಯಲುಸೀಮೆ_ಮೇಷ್ಟ್ರು

ಮೊದಲು ಆ ಫೋಟೊ ಅಪ್‌ಲೋಡ್ ಮಾಡೋದು ನಿಲ್ಲಲಿ. ಅದೇ ದೊಡ್ಡ ನೆರವು.

ಚುಕ್ಕಿ_ರಂಗೋಲಿ

ಮೇಡಂ, ಐದೂ ಮಕ್ಕಳದ್ದು ಒಂದೇ ಉತ್ತರ ಅಂದಿರಲ್ಲ, ಅದು ಒಳ್ಳೆಯ ಸುದ್ದಿ. ಬೇಕಾಬಿಟ್ಟಿ ಬರೆದಿದ್ದರೆ ಐದು ಉತ್ತರ ಇರುತ್ತಿತ್ತು. ಅವರು ಒಂದು ನಿಯಮ ಹಿಡಿದುಕೊಂಡಿದ್ದಾರೆ. ದೊಡ್ಡದರಲ್ಲಿ ಚಿಕ್ಕದನ್ನ ಕಳೆಯಬೇಕು ಅಂತ ಒಂದನೇ ಕ್ಲಾಸಿಂದ ನಾವೇ ಹೇಳಿಕೊಟ್ಟಿದ್ದೇವೆ. ಅದಕ್ಕೇ 8ರಲ್ಲಿ 2 ಕಳೆದು 6 ಬರೆದರು, 5ರಲ್ಲಿ 3 ಕಳೆದು 2 ಬರೆದರು.

40ರಲ್ಲಿ 17 ಕೊಟ್ಟು ನೋಡಿ. 37 ಅಂತ ಬರೆದರೆ ಅದೇ ಕಾಯಿಲೆ. 33 ಅಂತ ಬರೆದರೆ ದಶಕ ತೆಗೆಯೋದು ಗೊತ್ತು, ತೆಗೆದ ಮೇಲೆ ಪಕ್ಕದ ಮನೆಯಲ್ಲಿ ಒಂದು ಕಮ್ಮಿ ಮಾಡೋದು ಮರೆತಿದೆ. ಎರಡಕ್ಕೂ ಔಷಧಿ ಬೇರೆ.

ಸೀಮೆಸುಣ್ಣ

ಅಯ್ಯೋ, ಇದನ್ನ ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಲಿಲ್ಲ ನೋಡಿ. ನಾಳೆಯೇ ಕೊಡುತ್ತೇನೆ.

ನಿವೃತ್ತ_ನಲಿಕಲಿ

ನನ್ನ ಅಭಿಪ್ರಾಯ ಸ್ವಲ್ಪ ಖಾರ, ಬೇಜಾರಾಗಬೇಡಿ. ನಾಲ್ಕನೇ ಕ್ಲಾಸಿನ ಸಮಸ್ಯೆ ನಾಲ್ಕನೇ ಕ್ಲಾಸಲ್ಲಿ ಹುಟ್ಟೋದಿಲ್ಲ.

ನಲಿಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಅದು ಟೀಚರ್‌ಗಳದ್ದೇ ಕೆಲಸವಾಗಿತ್ತು. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದ ಮೇಷ್ಟ್ರು, ಮೇಡಂಗಳೇ ಕೂತು ಕಾರ್ಡ್ ಮಾಡಿದರು. ಯಾವ ಮಗು ಎಲ್ಲಿ ಎಡವುತ್ತೆ ಅಂತ ಅವರಿಗೆ ಗೊತ್ತಿತ್ತು, ಯಾಕೆಂದರೆ ಕಾರ್ಡ್ ಅವರದ್ದೇ. 2009-10ರಲ್ಲಿ ರಾಜ್ಯಕ್ಕೆಲ್ಲ ಬಂದಾಗ ಏಣಿ (ಯಾವ ಕಾರ್ಡ್ ಆದಮೇಲೆ ಯಾವುದು ಅಂತ ತೋರಿಸುವ ಪಟ್ಟಿ) ಬಂತು, ಕಾರ್ಡ್ ಬಂತು, ಗೋಡೆ ಉದ್ದಕ್ಕೂ ಮಕ್ಕಳ ಕೈಗೆ ಎಟಕುವ ಕರಿಹಲಗೆ ಬಂತು, ಮಕ್ಕಳು ಮಾಡಿದ್ದನ್ನ ನೇತುಹಾಕುವ ಚಪ್ಪರ ಬಂತು. ‘ಈ ಕಾರ್ಡ್ ಯಾಕೆ ಇಲ್ಲಿದೆ?’ ಅನ್ನೋದು ಮಾತ್ರ ಎಲ್ಲರಿಗೂ ಮುಟ್ಟಲಿಲ್ಲ. ಕಾರ್ಡ್ ಮುಗಿಸೋದೇ ಕಲಿಕೆ ಅಂದುಕೊಂಡವರನ್ನ ಬಹಳ ನೋಡಿದ್ದೇನೆ. ಕೆಲವು ವರ್ಷ ನಾನೂ ಹಾಗೇ ಮಾಡಿದ್ದೇನೆ.

ಎರಡುಜಡೆ_ಅಮ್ಮ

ನಾನು ಟೀಚರ್ ಅಲ್ಲ, ಪೋಷಕಿ. ಒಂದು ವಿಷಯ ಅರ್ಥವೇ ಆಗಿಲ್ಲ. ನನ್ನ ಮಗಳು ಒಂದನೇ ಕ್ಲಾಸು. ಅರ್ಧ ವರ್ಷ ಆಯಿತು, ಅ ಆ ಇ ಈ ಬರಲ್ಲ. ‘ರ ಗ ಸ ದ ಅ’ ಅನ್ನುತ್ತಾಳೆ. ಇದೆಂಥ ಅಕ್ಷರಮಾಲೆ? ನಮ್ಮ ಅತ್ತೆ ದಿನಾ ಬೈಯುತ್ತಾರೆ.

ನಿವೃತ್ತ_ನಲಿಕಲಿ

ಅಮ್ಮಾ, ಮಗಳನ್ನ ಕರೆದು ‘ಸರ’, ‘ದರ’, ‘ಅರಸ’, ‘ಅಗಸ’ ಓದಿಸಿ. ಐದೇ ಅಕ್ಷರಕ್ಕೆ ಎಷ್ಟು ಪದ ಆಯಿತು ನೋಡಿ. ಅ ಆ ಇ ಈ ಉ ಕಲಿತರೆ ‘ಆಈ’ ಅಂತ ಓದೋಕಾಗುತ್ತಾ? ಆಕಾರ ಸುಲಭ, ಕೂಡಿಸಿದರೆ ಪದ ಆಗುತ್ತೆ, ಅದಕ್ಕೆ ಆ ಅನುಕ್ರಮ. ವರ್ಣಮಾಲೆ ಆಮೇಲೆ ಹಾಡಿನ ಹಾಗೆ ಬಂದುಬಿಡುತ್ತೆ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಎರಡುಜಡೆ_ಅಮ್ಮ

ಓದಿಸಿದೆ. ‘ಸರಸರ’ ಅಂತ ಓದಿದಳು! ಅತ್ತೆ ಸುಮ್ಮನಾಗಿದ್ದಾರೆ. ಶಾಲೆಯಲ್ಲಿ ಇದನ್ನ ನಮಗೆ ಮೊದಲೇ ಹೇಳಿದ್ದರೆ ಆಗುತ್ತಿತ್ತಲ್ವಾ?

ತಾಂಡಾ_ಟೀಚರ್

ವಿಜಯಪುರ ಕಡೆಯ ತಾಂಡಾ ಶಾಲೆಯಿಂದ. ನಿಮ್ಮ ಮಕ್ಕಳಿಗೆ ‘ಅರಸ’ ಅಂದರೆ ಏನು ಅಂತಾದರೂ ಗೊತ್ತು. ನನ್ನ ಮಕ್ಕಳ ಮನೆಮಾತು ಲಂಬಾಣಿ. ಅಮ್ಮ ಅಂದರೆ ಅವರಿಗೆ ‘ಯಾಡಿ’. ಅಕ್ಷರ ಕೂಡಿಸಿ ಓದುತ್ತವೆ, ಅರ್ಥ ಕೇಳಿದರೆ ನನ್ನ ಮುಖ ನೋಡುತ್ತವೆ.

ನನಗೆ ನೆರವಾದದ್ದು ಯಾವ ಅಧಿಕಾರಿಯೂ ಅಲ್ಲ, ನಮ್ಮ ಬಿಸಿಯೂಟದ ಅಕ್ಕ. ಅವರು ತಾಂಡಾದವರೇ. ದಿನಾ ಬೆಳಿಗ್ಗೆ ಹತ್ತು ನಿಮಿಷ ಬಂದು ಕೂರುತ್ತಾರೆ. ನಾನು ಕನ್ನಡದಲ್ಲಿ ಕತೆ ಹೇಳುತ್ತೇನೆ, ಅವರು ಮಕ್ಕಳ ಮಾತಿನಲ್ಲಿ ಹೇಳುತ್ತಾರೆ, ಮಕ್ಕಳು ನನಗೆ ಕನ್ನಡದಲ್ಲಿ ತಿರುಗಿ ಹೇಳುತ್ತವೆ. ಆಮೇಲೆ ಅವರು ಹೇಳಿದ ಸಾಲನ್ನೇ ಹಲಗೆ ಮೇಲೆ ಬರೆದು ಓದಿಸುತ್ತೇನೆ. ತಾವೇ ಹೇಳಿದ ಮಾತು ಅಂದಮೇಲೆ ಓದೋ ಆಸೆ ಭಾಳ. ಆ ಅಕ್ಕನಿಗೆ ಇದಕ್ಕೆ ಒಂದು ರೂಪಾಯಿ ಜಾಸ್ತಿ ಸಿಗಲ್ಲ, ಅದೊಂದು ಸಂಕಟ.

ಹಳೇಮೈಸೂರು

ಭಾಷೆ ಅಂದ ಕೂಡಲೇ ನೆನಪಾಯಿತು. ನಮ್ಮ ಕಡೆ ಮಕ್ಕಳು ಹಸು ಅನ್ನೋದನ್ನ ‘ಅಸು’ ಅಂತ ಬರೆಯುತ್ತಾರೆ. ನಾನು ಕೆಂಪು ಪೆನ್ನಲ್ಲಿ ಸುತ್ತು ಹಾಕುತ್ತಿದ್ದೆ. ಆಮೇಲೆ ಮಕ್ಕಳು ಹೆದರಿ ಎಲ್ಲದಕ್ಕೂ ಹ ಹಾಕೋಕೆ ಶುರು ಮಾಡಿದರು. ‘ಹಮ್ಮ’ ಅಂತ ಬರೆದ ಒಬ್ಬ. ಅವತ್ತೇ ಕೆಂಪು ಪೆನ್ನು ಬಿಟ್ಟೆ.

ಕಡ್ಡಿಪುಡಿ

ಅದು ಓದಿನ ತಪ್ಪಲ್ಲ ಸರ್. ಮಗು ತನ್ನ ಮನೆಯ ಮಾತನ್ನ ಸರಿಯಾಗಿಯೇ ಬರೆದಿದೆ. ‘ನಾವು ಮನೇಲಿ ಅಸು ಅಂತೀವಿ, ಪುಸ್ತಕದಲ್ಲಿ ಹಸು ಅಂತ ಬರೀತಾರೆ’ ಅಂದರೆ ಸಾಕು, ಅರ್ಥ ಮಾಡಿಕೊಳ್ಳುತ್ತೆ.

ಬಯಲುಸೀಮೆ_ಮೇಷ್ಟ್ರು

ಒತ್ತಕ್ಷರಕ್ಕೆ ವಾಪಸ್ ಬರೋಣ. ನನ್ನ ಅನುಭವದಲ್ಲಿ ಎಲ್ಲ ಒತ್ತೂ ಒಂದೇ ಅಲ್ಲ. ಅಮ್ಮ, ಅಣ್ಣ, ಹಕ್ಕಿ, ಬೆಲ್ಲ... ಇವು ಬೇಗ ಬರುತ್ತವೆ. ಅದೇ ಅಕ್ಷರಕ್ಕೆ ಅದೇ ಒತ್ತು. ಪುಸ್ತಕ, ಚಂದ್ರ, ರಾಷ್ಟ್ರ ಕಷ್ಟ. ಎಲ್ಲಕ್ಕಿಂತ ಕಷ್ಟ ಅರ್ಕಾವೊತ್ತು. ಬಾಯಲ್ಲಿ ‘ರ್’ ಮೊದಲು ಬರುತ್ತೆ, ಬರೆಯುವಾಗ ಕೊನೆಗೆ. ಸೂರ್ಯ, ವರ್ಷ. ಮಗು ಎಡದಿಂದ ಬಲಕ್ಕೆ ಓದುತ್ತಾ ಬಂದರೆ ‘ಸೂಯರ್’ ಅಂತಲೇ ಓದಬೇಕು, ಅದರ ತಪ್ಪೇನು?

ನಾನು ಮಾಡೋದು ಇಷ್ಟೆ. ಮೊದಲು ಬಾಯಲ್ಲಿ ಒಡೆಯುವುದು, ಸೂ-ರ್-ಯ. ಪ್ರತಿ ತುಂಡಿಗೂ ಒಂದು ಚಪ್ಪಾಳೆ. ಆಮೇಲೆ ಬರೆಯುವುದು. ದಿನಕ್ಕೆ ಒಂದೇ ಒತ್ತು, ಐದೇ ಪದ. ಅವರ ಊರು, ಅವರ ಹೆಸರು, ಅಂಗಡಿ ಬೋರ್ಡು ಇವುಗಳಿಂದಲೇ ಪದ. ಎರಡು ತಿಂಗಳು ಹಿಡಿಯಿತು. ಸುಮಾರಾಗಿ ಓದುತ್ತಿದ್ದಾರೆ.

ಟೈಪಿಂಗ್_ಸುಬ್ಬ

ಅಂಗಡಿ ಬೋರ್ಡಿನ ವಿಷಯ ಹುಷಾರು ಮೇಷ್ಟ್ರೇ! ಡಿಟಿಪಿಯವರು ಅರ್ಕಾವೊತ್ತು ಸಿಗದೆ ಅಲ್ಲಿ ಕನ್ನಡದ ಒಂಬತ್ತು ಒತ್ತಿರುತ್ತಾರೆ. ‘ಕನಾ೯ಟಕ’. ನಮ್ಮ ಅಣ್ಣನ ಮಗ ಅದನ್ನ ‘ಕನಾ ಒಂಬತ್ತು ಟಕ’ ಅಂತ ಓದಿದ. ಅವನಿಗೆ ಕನ್ನಡ ಅಂಕಿ ಚೆನ್ನಾಗಿ ಬರುತ್ತೆ, ಬಸ್ಸಿನ ನಂಬರ್ ಓದಿ ಓದಿ.

ಹಳೇಮೈಸೂರು

😂😂 ಇದು ಓದೋಕೆ ಬರದವನಲ್ಲ, ಜಾಸ್ತಿ ಬರುವವನು.

ಮಲೆನಾಡ್_ಮಳೆ

ಒಂದು ಸಣ್ಣ ತಕರಾರು. ದಿನಕ್ಕೆ ಒಂದು ಒತ್ತು, ಐದು ಪದ... ಇದು ಮತ್ತೆ ಕಾಗುಣಿತ ತಿದ್ದಿಸಿದ ಹಾಗೇ ಆಗಲ್ವಾ? ನನ್ನ ಶಾಲೆಯಲ್ಲಿ ಒಂದು ಹಗ್ಗ ಕಟ್ಟಿ ಕತೆಪುಸ್ತಕ ನೇತು ಹಾಕಿದ್ದೇನೆ. ದಿನಾ ಕೊನೆಯ ಅರ್ಧ ಗಂಟೆ ನಾನು ಜೋರಾಗಿ ಓದುತ್ತೇನೆ, ಬೆರಳಿಟ್ಟು ತೋರಿಸುತ್ತೇನೆ. ಒತ್ತಕ್ಷರ ಅಂತ ಪಾಠವೇ ಮಾಡಿಲ್ಲ. ಕತೆ ಮುಂದೇನಾಯಿತು ಅನ್ನೋ ಆಸೆಗೆ ಮಕ್ಕಳೇ ಬಿಡಿಸಿಕೊಂಡು ಓದುತ್ತಾರೆ.

ಬಯಲುಸೀಮೆ_ಮೇಷ್ಟ್ರು

ಎಷ್ಟು ಮಕ್ಕಳು ನಿಮ್ಮಲ್ಲಿ?

ಮಲೆನಾಡ್_ಮಳೆ

ಒಂಬತ್ತು. ಇಡೀ ಶಾಲೆಗೆ.

ಬಯಲುಸೀಮೆ_ಮೇಷ್ಟ್ರು

ಹಾಗನ್ನಿ. ನನ್ನ ನಾಲ್ಕನೇ ಕ್ಲಾಸಲ್ಲೇ 38. ಒಬ್ಬೊಬ್ಬರ ಬೆರಳು ಹಿಡಿಯೋಕೆ ನನಗೆ ಕೈ ಸಾಲಲ್ಲ. ಒಬ್ಬ ಟೀಚರ್‌ಗೆ 30 ಮಕ್ಕಳು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 2009ರಿಂದ ಇದೆ. ಕಾಯ್ದೆ ಪುಸ್ತಕದಲ್ಲಿ ಚೆನ್ನಾಗಿದೆ.

ಮಲೆನಾಡ್_ಮಳೆ

ಒಪ್ಪಿದೆ. ಆದರೂ ಕತೆ ಬಿಡಬೇಡಿ. 38 ಮಕ್ಕಳಿಗೂ ಒಂದೇ ಸಲ ಓದಿ ಹೇಳಬಹುದಲ್ಲ. ಎರಡೂ ಬೇಕು ಅನ್ನೋದಾದರೆ ನನಗೆ ಜಗಳವಿಲ್ಲ.

ಹೊಸಬ_2024

ನಾನು ಅತಿಥಿ ಶಿಕ್ಷಕ. ತರಬೇತಿ ಬಗ್ಗೆ ನೀವೆಲ್ಲ ಬೈಯುತ್ತಿದ್ದೀರಿ, ನಮ್ಮನ್ನ ಕರೆಯೋದೇ ಇಲ್ಲ. ಕಾಯಂ ಆದವರಿಗೆ ಮಾತ್ರ. ನಲಿಕಲಿಯ ಕಾರ್ಡ್, ಏಣಿ, ಗುಂಪಿನ ತಟ್ಟೆ ಎಲ್ಲ ನಾನು ಯೂಟ್ಯೂಬ್ ನೋಡಿ ಕಲಿತದ್ದು.

ಸೀಮೆಸುಣ್ಣ

ಇದನ್ನ ನಾನು ಯೋಚಿಸಿರಲೇ ಇಲ್ಲ ಸರ್. ಕ್ಷಮಿಸಿ.

ಡಲ್ಲಾಸ್_ಕನ್ನಡತಿ

ದೂರದಿಂದ ಒಂದು ಮಾತು. ನಾನು ಇಲ್ಲಿ ಭಾನುವಾರ ಕನ್ನಡ ಕಲಿಸುತ್ತೇನೆ, ಅದು ಬೇರೆ ಕತೆ. ನನ್ನ ಮಗನ ಶಾಲೆಯಲ್ಲಿ ಟೀಚರ್‌ಗೇ ಒಬ್ಬ ಕೋಚ್ ಇದ್ದಾರೆ. ಲೆಕ್ಕಕ್ಕೊಬ್ಬರು, ಓದಿಗೊಬ್ಬರು. ಅವರು ಮಕ್ಕಳಿಗೆ ಮಾರ್ಕ್ಸ್ ಕೊಡಲ್ಲ, ಟೀಚರ್‌ಗೂ ಕೊಡಲ್ಲ. ಕ್ಲಾಸಲ್ಲಿ ಕೂತು ನೋಡುತ್ತಾರೆ, ಒಮ್ಮೊಮ್ಮೆ ತಾವೇ ಪಾಠ ಮಾಡುತ್ತಾರೆ, ಆಗ ಟೀಚರ್ ಕೂತು ನೋಡುತ್ತಾರೆ. ಅಲ್ಲಿ ಆ ಥರ ಯಾರೂ ಇಲ್ವಾ?

ಬಯಲುಸೀಮೆ_ಮೇಷ್ಟ್ರು

ಇದ್ದಾರೆ ಮೇಡಂ. ಸಿಆರ್‌ಪಿ ಅಂತಾರೆ, ಸುತ್ತಲಿನ ಹಲವು ಶಾಲೆಗೆ ಒಬ್ಬ ಸಂಪನ್ಮೂಲ ವ್ಯಕ್ತಿ. ಅವರ ಕೆಲಸವೇ ಅದು, ಹಾಳೆ ಮೇಲೆ.

ಮಾಜಿ_ಸಿಆರ್‌ಪಿ

ಸರಿ, ನಾನು ಮಾತಾಡಲೇಬೇಕಾಯಿತು. ಆ ಕುರ್ಚಿಯಲ್ಲಿ ಕೆಲವು ವರ್ಷ ಕೂತವನು. ಸಾರಿ, ಕೂತದ್ದಲ್ಲ, ಬೈಕ್ ಮೇಲೆ ಓಡಾಡಿದವನು. 17 ಶಾಲೆ. ಬೆಳಿಗ್ಗೆ ಶಾಲೆಗೆ ಹೊರಟರೆ ಫೋನ್ ಬರುತ್ತೆ. ಸೈಕಲ್ ಲೆಕ್ಕ ಕಳಿಸಿ, ಶೂ ಸಾಕ್ಸ್ ಮಾಹಿತಿ ಕಳಿಸಿ, ಶೌಚಾಲಯದ ಫೋಟೊ ಕಳಿಸಿ, ಮಧ್ಯಾಹ್ನ 12ರೊಳಗೆ. ಹತ್ತು ಶಾಲೆಗೆ ಫೋನ್ ಮಾಡಿ ಅಂಕಿಅಂಶ ತುಂಬುವುದರಲ್ಲಿ ದಿನ ಮುಗಿಯುತ್ತೆ. ನಾನೂ ಒಬ್ಬ ಮೇಷ್ಟ್ರೇ. ಪಾಠ ಮಾಡೋದು ಇಷ್ಟ ಅಂತಲೇ ಬಂದದ್ದು.

ಆದರೂ ಒಂದು ಹೇಳುತ್ತೇನೆ. ಒಂದು ವರ್ಷ ನಾನು ಮೂರೇ ಶಾಲೆ ಆರಿಸಿಕೊಂಡೆ. ಪ್ರತಿ ಗುರುವಾರ ಫೋನ್ ಸೈಲೆಂಟ್. ಇಡೀ ದಿನ ಒಂದು ಶಾಲೆ. ರಿಜಿಸ್ಟರ್ ಕೇಳುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಮಕ್ಕಳ ನೋಟ್‌ಬುಕ್ ಹರಡಿಕೊಂಡು ನಾವಿಬ್ಬರೂ ಕೂರುತ್ತಿದ್ದೆವು. ಯಾವ ಮಗು ಎಲ್ಲಿ ಯಾಕೆ ತಪ್ಪಿದೆ, ಅಷ್ಟೇ ಮಾತು. ನಾನು ಹೇಳಿಕೊಟ್ಟೆ ಅನ್ನೋದಕ್ಕಿಂತ ಇಬ್ಬರಿಗೂ ಗೊತ್ತಾಯಿತು ಅನ್ನೋದು ಸರಿ. ನೂರ ಐದನ್ನ 1005 ಅಂತ ಬರೆಯುವ ಮಗುವಿನ ಮುಂದೆ ಒಂದು ಗಂಟೆ ಕೂತು, ಅದು ನೂರು ಬರೆದು ಪಕ್ಕದಲ್ಲಿ ಐದು ಬರೆಯುತ್ತಿದೆ ಅಂತ ಅರ್ಥವಾದದ್ದು ನನಗೆ ಅಲ್ಲೇ. ಕೇಳಿದ ಹಾಗೇ ಬರೆದಿದೆ ಪಾಪ. ಉಳಿದ 14 ಶಾಲೆಯವರು ನನ್ನನ್ನ ಬೈದಿರಬಹುದು. ಮೇಲಿನವರಂತೂ ಬೈದರು.

ಚುಕ್ಕಿ_ರಂಗೋಲಿ

ಸರ್, ಗುರುವಾರದ ಈ ವಿಷಯ ಎಲ್ಲರೂ ಓದಬೇಕು. ನಿರ್ವಾಹಕರೇ, ಇದನ್ನ ಮೇಲೆ ಪಿನ್ ಮಾಡಿ.

ರಜೆ_ಎಲ್ಲಿದೆ

ಟೀಚರ್‌ಗೆ ಕೋಚ್ ಕೊಡೋಕೂ ಮೊದಲು ಟೀಚರ್‌ನ ಶಾಲೆಯಲ್ಲಿ ಇರೋಕೆ ಬಿಡಿ ಸ್ವಾಮಿ. 2025ರ ದಸರಾ ರಜೆಯಲ್ಲಿ ಸಮೀಕ್ಷೆ ಅಂತ ಮನೆಮನೆ ಅಲೆದೆವು. ಅದಕ್ಕೂ ಮುಂಚೆ ಮತದಾರರ ಪಟ್ಟಿ. ನಡುವೆ ಮೊಟ್ಟೆ ಸುಲಿಯೋದು, ಹಾಲಿನ ಪುಡಿ ಲೆಕ್ಕ. ನಾನು ಬಿಎಡ್ ಮಾಡಿದ್ದು ಇದಕ್ಕಾ?

ಹಳೇಮೈಸೂರು

ಮೊಟ್ಟೆ ಬಗ್ಗೆ ಮಾತಾಡಬೇಡಿ. ಮೊಟ್ಟೆ ಕೊಡುವ ದಿನ ನಮ್ಮಲ್ಲಿ ಹಾಜರಿ ಪೂರ್ತಿ.

ರಜೆ_ಎಲ್ಲಿದೆ

ಮೊಟ್ಟೆ ಬೇಡ ಅಂದವರಾರು? ಸುಲಿಯೋಕೆ ಬೇರೆಯವರನ್ನ ಕೊಡಿ ಅಂದೆ. ಅಲ್ಲದೆ ಮೊಟ್ಟೆಯ ಬೆಲೆ ಏರಿದಾಗ ಉಳಿದ ದುಡ್ಡು ಯಾರ ಜೇಬಿಂದ ಹೋಗುತ್ತೆ ಅಂತ ಕೇಳಿ...

ನಿರ್ವಾಹಕ

ಮೊಟ್ಟೆಗೆ ಬೇರೆ ಚರ್ಚೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಓದು, ಲೆಕ್ಕ.

ಸಂತೆ_ಲೆಕ್ಕ

ಲೆಕ್ಕಕ್ಕೆ ಬರುತ್ತೇನೆ. ಗಣಿತ ಕಲಿಕಾ ಆಂದೋಲನದ ಕಿಟ್ (ದಾಳ, ಆಟದ ನೋಟು ಇರುವ ಲೆಕ್ಕದ ಪೆಟ್ಟಿಗೆ) ನಿಮ್ಮ ಶಾಲೆಯಲ್ಲಿ ಇದೆಯಾ ಮೇಡಂ? ಇದ್ದರೆ ಎಲ್ಲಿದೆ?

ಸೀಮೆಸುಣ್ಣ

ಬೀರುವಿನಲ್ಲಿ. ಬೀಗ ಹಾಕಿ. ಬೀಗದ ಕೈ ನನ್ನ ಹತ್ತಿರವೇ ಇದೆ, ನಗಬೇಡಿ. ಒಂದು ದಾಳ ಕಳೆದರೂ ತಪಾಸಣೆಯಲ್ಲಿ ಉತ್ತರ ಕೊಡಬೇಕಾಗುತ್ತೆ ಅಂತ ಭಯ.

ಸಂತೆ_ಲೆಕ್ಕ

ಎಲ್ಲ ಕಡೆಯೂ ಅಲ್ಲೇ ಇರುತ್ತೆ. ತೆಗೆಯಿರಿ. ಕಳೆದರೆ ಹುಣಸೆಬೀಜ ಇಡಿ.

ನಾನು ಮಾಡುವ ಆಟ ಹೇಳುತ್ತೇನೆ. ಒಬ್ಬ ಮಗು ಬ್ಯಾಂಕು. ಆಟದ ನೋಟು ನೂರು, ಹತ್ತು, ಒಂದು ಮಾತ್ರ. ನಿಮ್ಮ ಲೆಕ್ಕವನ್ನೇ ತಗೊಳ್ಳಿ. ಗಿರಾಕಿ ಹತ್ತಿರ 52 ರೂಪಾಯಿ ಇದೆ, ಅಂದರೆ ಐದು ಹತ್ತರ ನೋಟು, ಎರಡು ಒಂದರ ನೋಟು. 38 ರೂಪಾಯಿ ಸಾಮಾನು. ಎಂಟು ಒಂದರ ನೋಟು ಕೊಡಬೇಕು, ಇರೋದು ಎರಡು. ಏನು ಮಾಡುತ್ತಾನೆ? ಬ್ಯಾಂಕಿಗೆ ಹೋಗಿ ಒಂದು ಹತ್ತರ ನೋಟು ಮುರಿಸಿಕೊಂಡು ಬರುತ್ತಾನೆ. ಈಗ ಹತ್ತರ ನೋಟು ನಾಲ್ಕು, ಒಂದರ ನೋಟು ಹನ್ನೆರಡು. ಕೊಟ್ಟ ಮೇಲೆ ಕೈಯಲ್ಲಿ 14. ಆಮೇಲೆ ಅದನ್ನೇ ಸ್ಲೇಟಲ್ಲಿ ಬರೆಸಿ. ನೋಟು ಕೈಯಲ್ಲಿ ಇರುವಾಗಲೇ ಬರೆಸಬೇಕು. ಆಟ ಮುಗಿಸಿ ಮರುದಿನ ಬರೆಸಿದರೆ ಆಟ ಬೇರೆ, ಲೆಕ್ಕ ಬೇರೆ ಆಗಿಬಿಡುತ್ತೆ.

‘ಸಾಲ ತಗೋ’ ಅಂತ ಹೇಳಿಕೊಡಬೇಡಿ. ನನ್ನ ಕ್ಲಾಸಲ್ಲಿ ಒಬ್ಬಳು ‘ಸಾರ್, ಯಾವಾಗ ವಾಪಸ್ ಕೊಡಬೇಕು?’ ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ‘ಚಿಲ್ಲರೆ ಮಾಡಿಸು’ ಅನ್ನಿ.

ಕಡ್ಡಿಪುಡಿ

ಸಂತೆಯಲ್ಲಿ ಅಪ್ಪನ ಜೊತೆ ಸೊಪ್ಪು ಮಾರುವ ಹುಡುಗ ಬಾಯಲ್ಲಿ ಪಟಪಟ ಚಿಲ್ಲರೆ ಕೊಡುತ್ತಾನೆ, ಸ್ಲೇಟ್ ಕೊಟ್ಟರೆ ಸೊನ್ನೆ. ಅದಕ್ಕೇನು ಹೇಳುತ್ತೀರಿ?

ಸಂತೆ_ಲೆಕ್ಕ

ಅದು ನಿಮ್ಮೂರಿನ ಹುಡುಗ ಒಬ್ಬನೇ ಅಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಯವರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನ ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ಮಾರುಕಟ್ಟೆಯ ಲೆಕ್ಕ ಬರುತ್ತೆ, ಪುಸ್ತಕದ ಲೆಕ್ಕ ಬರಲ್ಲ. ಶಾಲೆಗೆ ಮಾತ್ರ ಹೋಗುವ ಮಕ್ಕಳದ್ದು ಉಲ್ಟಾ. ಎರಡೂ ತಾನಾಗಿಯೇ ಕೂಡಿಕೊಳ್ಳಲ್ಲ. ಅದಕ್ಕೇ ನೋಟು ಕೈಯಲ್ಲಿ ಇರುವಾಗಲೇ ಬರೆಸಿ ಅಂದದ್ದು.

ಮಗ್ಗಿ_ಪ್ರಿಯ

ಇಷ್ಟೆಲ್ಲ ಯಾಕೆ? ನಮ್ಮ ಕಾಲದಲ್ಲಿ ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ. ತಪ್ಪಿದರೆ ಹುಣಸೆ ಬರಲು. ಎಲ್ಲರೂ ಲೆಕ್ಕ ಕಲಿತೆವು.

ಚುಕ್ಕಿ_ರಂಗೋಲಿ

ಎಲ್ಲರೂ ಅಲ್ಲ ಸರ್. ಕಲಿಯದವರು ಶಾಲೆ ಬಿಟ್ಟರು, ಅವರು ಇಲ್ಲಿ ಬಂದು ಬರೆಯುತ್ತಿಲ್ಲ.

ಮಗ್ಗಿ_ಪ್ರಿಯ

ಹ್ಮ್. ನಮ್ಮಣ್ಣ ಬಿಟ್ಟ. ಅದು ನಿಜ.

ಹೊಸಬ_2024

ಮಗ್ಗಿ ಬೇಡ ಅಂತ ಯಾರೂ ಹೇಳಿಲ್ಲ ಬಿಡಿ ಸರ್. ಆದರೆ ಏಳೆಂಟಲ ಐವತ್ತಾರು ಗೊತ್ತಿದ್ದೂ ಏಳು ಸಾಲಲ್ಲಿ ಎಂಟೆಂಟು ಗಿಡ ಇದ್ದರೆ ಎಷ್ಟು ಅಂತ ಕೇಳಿದಾಗ ಕೂಡುವ ಮಕ್ಕಳು ನನ್ನಲ್ಲಿ ಇದ್ದಾರೆ.

ತಾಂಡಾ_ಟೀಚರ್

ಅಕ್ಕೋರೆ (ಸೀಮೆಸುಣ್ಣ ಅವರಿಗೆ), ನಾಲ್ಕು ಮತ್ತು ಐದು ಎರಡೂ ನಿಮ್ಮದೇ ಅಂದಮೇಲೆ ತರಗತಿ ಮರೆತುಬಿಡಿ. ‘ಓದು ಕರ್ನಾಟಕ’ ಅನ್ನೋ ಓದು ಕಲಿಸುವ ಕಾರ್ಯಕ್ರಮದಲ್ಲಿ ಮಾಡಿದ ಹಾಗೆ ಯಾರು ಅಕ್ಷರ, ಯಾರು ಪದ, ಯಾರು ಕತೆ ಓದುತ್ತಾರೆ ಅಂತ ನೋಡಿ ಗುಂಪು ಮಾಡಿ. ಐದನೆಯವನು ನಾಲ್ಕನೆಯವಳ ಜೊತೆ ಕೂತರೆ ಆಕಾಶ ಬೀಳಲ್ಲ. ದಿನಕ್ಕೆ ಒಂದು ಗಂಟೆ ಸಾಕು. ಲೆಕ್ಕಕ್ಕೂ ಹಾಗೇ. ಒಂದೇ ಎಚ್ಚರ: ‘ಅಕ್ಷರದ ಗುಂಪು’ ಅಂತ ಹೆಸರಿಡಬೇಡಿ, ಮಕ್ಕಳಿಗೆ ನಾಚಿಕೆಯಾಗುತ್ತೆ. ನಾನು ಹಕ್ಕಿ ಹೆಸರು ಇಟ್ಟಿದ್ದೇನೆ.

ಮಾಜಿ_ಸಿಆರ್‌ಪಿ

ಹಕ್ಕಿ ಹೆಸರು ಇಟ್ಟರೂ ಮಕ್ಕಳಿಗೆ ಗೊತ್ತಾಗುತ್ತೆ ಮೇಡಂ. ಒಂದು ಶಾಲೆಯಲ್ಲಿ ‘ನಾವು ದಡ್ಡ ಗಿಳಿಗಳು ಸಾರ್’ ಅಂತ ಪರಿಚಯ ಮಾಡಿಕೊಂಡರು. ಗುಂಪು ಎರಡು ವಾರಕ್ಕೊಮ್ಮೆ ಬದಲಾಗುತ್ತಾ ಇರಬೇಕು. ಇಲ್ಲದಿದ್ದರೆ ಅದು ಜಾತಿಯ ಹಾಗೆ ಅಂಟಿಕೊಳ್ಳುತ್ತೆ.

ತಾಂಡಾ_ಟೀಚರ್

ಈ ಮಾತು ಒಪ್ಪಿದೆ. ಬದಲಾಯಿಸುತ್ತೇನೆ.

ಸೀಮೆಸುಣ್ಣ

ಎಲ್ಲರಿಗೂ ಥ್ಯಾಂಕ್ಸ್. ಹನ್ನೆರಡು ದಿನ ಆಯಿತು, ಆದದ್ದನ್ನ ಹೇಳುತ್ತೇನೆ.

40ರಲ್ಲಿ 17 ಕೊಟ್ಟೆ. ಐವರಲ್ಲಿ ಮೂವರು 37, ಒಬ್ಬ 33, ಒಬ್ಬಳು 23 ಅಂತ ಸರಿಯಾಗಿಯೇ ಬರೆದಳು. ‘ಮೊನ್ನೆ 52ರದ್ದು ಯಾಕೆ ತಪ್ಪಿತು?’ ಅಂತ ಕೇಳಿದರೆ ‘ಸೊನ್ನೆಯಲ್ಲಿ ಏಳು ಹೋಗಲ್ಲ ಅಂತ ಗೊತ್ತಾಗುತ್ತೆ ಮಿಸ್, ಎರಡರಲ್ಲಿ ಎಂಟು ಹೋಗಲ್ಲ ಅಂತ ತಕ್ಷಣ ಗೊತ್ತಾಗಲ್ಲ’ ಅಂದಳು. ನಾನು ಏನು ಹೇಳಲಿ ಅಂತ ತೋಚದೆ ಸುಮ್ನೆ ನಿಂತುಬಿಟ್ಟೆ.

ಬೀರು ತೆಗೆದೆ. ಬ್ಯಾಂಕ್ ಆಟ ಆರು ದಿನ ಆಡಿಸಿದೆ. ಬ್ಯಾಂಕಿನವನು ಮೊದಲ ದಿನವೇ ಕಮಿಷನ್ ಕೇಳಿದ. 37 ಬರೆದವರಲ್ಲಿ ಇಬ್ಬರು ಈಗ ಸರಿ ಮಾಡುತ್ತಾರೆ. ಮೂರನೆಯವನು ನೋಟು ಇದ್ದರೆ ಮಾಡುತ್ತಾನೆ, ಇಲ್ಲದಿದ್ದರೆ ಮತ್ತೆ 37. ಒತ್ತಕ್ಷರ ಇನ್ನೂ ಹಾಗೇ ಇದೆ, ಅಮ್ಮ-ಅಣ್ಣ ದಾಟಿಲ್ಲ.

ಇನ್ನೊಂದು. ನಮ್ಮ ನಲಿಕಲಿ ಮೇಡಂ ಮತ್ತು ನಾನು ಎಂಟು ವರ್ಷದಿಂದ ಪಕ್ಕದ ಕೋಣೆಯಲ್ಲಿದ್ದೇವೆ. ಮಕ್ಕಳ ನೋಟ್‌ಬುಕ್ ಮುಂದಿಟ್ಟುಕೊಂಡು ಒಮ್ಮೆಯೂ ಕೂತಿರಲಿಲ್ಲ. ಈಗ ಗುರುವಾರ ನಾಲ್ಕು ಗಂಟೆಗೆ ಕೂರುತ್ತಿದ್ದೇವೆ. ಮೊದಲ ಗುರುವಾರ ಅರ್ಧ ಗಂಟೆ ಬರೀ ಊರ ಸುದ್ದಿ ಆಯಿತು, ಪರವಾಗಿಲ್ಲ.

ಹೊಸಬ_2024

ಮೇಡಂ, ನಮ್ಮ ಶಾಲೆ ತಿಪಟೂರು ಕಡೆ. ನಿಮ್ಮ ಗುರುವಾರಕ್ಕೆ ನಾನೂ ಬರಬಹುದಾ? ನೋಟ್‌ಬುಕ್ ತರುತ್ತೇನೆ.

ಸೀಮೆಸುಣ್ಣ

ಬನ್ನಿ ಸರ್. ಮೆಸೇಜ್ ಮಾಡಿ, ದಾರಿ ಹೇಳುತ್ತೇನೆ. ಮೂರೂವರೆ ಬಸ್ಸು ಹಿಡಿಯಿರಿ, ಅದು ತಪ್ಪಿದರೆ ಆರಕ್ಕೇ.

ರಜೆ_ಎಲ್ಲಿದೆ

ಚಹಾ ಉಂಟಾ?

ಸೀಮೆಸುಣ್ಣ

ಹಾಲಿನ ಪುಡಿಯದ್ದಲ್ಲ, ಲೆಕ್ಕ ಕೇಳಬೇಡಿ. ಮನೆಯಿಂದ ಫ್ಲಾಸ್ಕಲ್ಲಿ ತರುತ್ತೇನೆ.